ಮಂಗಳನ ಚಿತ್ರದಲ್ಲಿ ಮೊದಲು ಬಿಸಿಲನ್ನು ಹುಡುಕಿ

ಕೇಳುಗರಿಗೆಲ್ಲ ನಮಸ್ಕಾರ.

ನೌಕೆಯೊಂದು ಮೇಲಿನಿಂದ ತೆಗೆದ ಮಂಗಳ ಗ್ರಹದ ಚಿತ್ರ ಎದುರಿಗಿದೆ ಎಂದುಕೊಳ್ಳಿ. ಬಂಡೆ, ಮಣ್ಣು, ಪದರ ಎಂದು ಹೆಸರಿಡುವ ಮೊದಲು ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಎಂದು ನೋಡಬೇಕು. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣಿಗೆ ರೂಢಿ. ಚಿತ್ರದಲ್ಲಿ ಅದು ಕೆಳಗಡೆಯಿಂದ ಬಿದ್ದಿದ್ದರೆ ಕುಳಿ ದಿಬ್ಬವಾಗಿ ಕಾಣುತ್ತದೆ, ದಿಬ್ಬ ಕುಳಿಯಾಗುತ್ತದೆ.

2006ರಿಂದ ಮಂಗಳವನ್ನು ಸುತ್ತುತ್ತಿರುವ ಮಾರ್ಸ್ ರಿಕಾನೆಸೆನ್ಸ್ ಆರ್ಬಿಟರ್ ನೌಕೆಯ ಹೈರೈಸ್ ಕ್ಯಾಮೆರಾ ಹೆಚ್ಚಾಗಿ ಚಿತ್ರ ತೆಗೆಯುವುದು ಅಲ್ಲಿನ ಮಧ್ಯಾಹ್ನ ಸುಮಾರು 3 ಗಂಟೆಗೆ. ಹಾಗಾಗಿ ಉತ್ತರ ಮೇಲಿರುವಂತೆ ಜೋಡಿಸಿದ ಚಿತ್ರದಲ್ಲಿ ಬಿಸಿಲು ಸಾಮಾನ್ಯವಾಗಿ ಎಡದಿಂದ. ಎಡಗೋಡೆ ಕಪ್ಪು, ಬಲಗೋಡೆ ಬೆಳಕಾಗಿದ್ದರೆ ಅದು ಕುಳಿ. ದಿಬ್ಬದಲ್ಲಿ ಇದು ತಿರುಗುಮುರುಗು.

ಎಬರ್ಸ್‌ವಾಲ್ಡೆ ಎಂಬ ಕುಳಿಯೊಳಗೆ ಹಳೆಯ ನದಿಯೊಂದು ಕಟ್ಟಿದ ಮುಖಜಭೂಮಿ ಇದೆ. ಅದರ ಮೇಲೆ ಬಳುಕುವ ಗೆರೆಗಳು. ಅವಸರದಲ್ಲಿ ನೋಡಿದರೆ ಕಾಲುವೆ ಎನಿಸುತ್ತವೆ. ನೆರಳು ಹಿಡಿದು ನೋಡಿದರೆ ಎದ್ದು ನಿಂತ ಏಣುಗಳು. ನದಿಪಾತ್ರದಲ್ಲಿ ಕೂತ ಒರಟು ಮರಳು, ಜಲ್ಲಿ ಗಟ್ಟಿಯಾಯಿತು. ಅಕ್ಕಪಕ್ಕದ ನುಣುಪು ಮಣ್ಣನ್ನು ಗಾಳಿ ಸವೆಸಿ ಒಯ್ದಿತು. ಒಂದು ಕಾಲಕ್ಕೆ ತಗ್ಗಾಗಿದ್ದದ್ದೇ ಈಗ ಎತ್ತರ. ಬೆಳಕಿನ ದಿಕ್ಕು ತಪ್ಪಿದರೆ ಈ ಇಡೀ ಕಥೆ ಕೈತಪ್ಪುತ್ತದೆ.

ನೆರಳಿನಿಂದ ಎತ್ತರವನ್ನೂ ಅಳೆಯಬಹುದು. ಒಂದು ಪಿಕ್ಸೆಲ್ 30 ಸೆಂಟಿಮೀಟರ್, ಬಂಡೆಯ ನೆರಳು 10 ಪಿಕ್ಸೆಲ್ ಎಂದರೆ 3 ಮೀಟರ್. ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದರೆ, ಆ ಕೋನದ ಟ್ಯಾಂಜೆಂಟ್ 0.58ರಿಂದ ಗುಣಿಸಿ: ಸುಮಾರು 1.7 ಮೀಟರ್. ನೆರಳು ಇಳಿಜಾರಿನ ಮೇಲೆ ಬಿದ್ದಿದ್ದರೆ ಮಾತ್ರ ಈ ಲೆಕ್ಕ ನಂಬುವಂತಿಲ್ಲ. ಆಗ ಒಂದೇ ಜಾಗವನ್ನು ಎರಡು ಕೋನದಿಂದ ತೆಗೆದ ಜೋಡಿಚಿತ್ರವೇ ಬೇಕು.

ವಯಸ್ಸಿನ ಮಾತಿಗೆ ಬಂದರೆ, ಕುಳಿಗಳು ಹೆಚ್ಚಿದ್ದಷ್ಟೂ ನೆಲ ಹಳೆಯದು. ಆದರೆ ಉಲ್ಕೆಯ ದೊಡ್ಡ ಹೊಡೆತದಿಂದ ಚಿಮ್ಮಿದ ಕಲ್ಲುಗಳು ಬಿದ್ದು ಆದ ಮರಿಕುಳಿಗಳು ಗುಂಪಾಗಿ, ಸಾಲಾಗಿ ಇರುತ್ತವೆ. ಅವನ್ನೂ ಎಣಿಕೆಗೆ ಸೇರಿಸಿದರೆ ಎಳೆಯ ನೆಲವೂ ಮುದಿಯಾಗಿ ಕಾಣುತ್ತದೆ.

ಬಣ್ಣವನ್ನಂತೂ ಸುಲಭಕ್ಕೆ ನಂಬಬೇಡಿ. ತಿಳಿಬಣ್ಣದ ಪಟ್ಟೆ ಎಷ್ಟೋ ಸಲ ಬರೀ ಧೂಳಿನ ಹೊದಿಕೆ. ಒಂದು ಬಿರುಗಾಳಿ ಬೀಸಿದರೆ ಅದರ ಅಂಚು ಸರಿದಿರುತ್ತದೆ. ಮಾರ್ಸ್ ಒಡಿಸ್ಸಿ ನೌಕೆಯ ಥೆಮಿಸ್ ಕ್ಯಾಮೆರಾ ರಾತ್ರಿಯಲ್ಲಿ ತೆಗೆದ ಶಾಖಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ. ಧೂಳು ಬೇಗ ತಣ್ಣಗಾಗಿ ಕಪ್ಪಾಗಿರುತ್ತದೆ, ಬರಿಬಂಡೆ ಹಗಲಿನ ಶಾಖ ಹಿಡಿದು ಬೆಳ್ಳಗಿರುತ್ತದೆ. ಯಾವ ಬಗೆಯ ನೆಲ ಎಲ್ಲಿಯವರೆಗೆ ಎಂದು ನಕಾಶೆಯಲ್ಲಿ ಗಡಿಗೆರೆ ಎಳೆಯುವುದು ಅದಾದ ಮೇಲೆ.