ದೂರದ ಪರದೆಯಲ್ಲಿ ಸಾಸಿವೆ ಕಾಳಿನ ಅಕ್ಷರ

ಎಲ್ಲರಿಗೂ ನಮಸ್ಕಾರ.

27 ಇಂಚಿನ 4ಕೆ ಮಾನಿಟರ್ ಮನೆಗೆ ತಂದ ದಿನ ನನಗೆ ಭಾರೀ ಖುಷಿ. ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿದೆ, ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲೇ ತೋರಿಸುವ ರೆಮ್ಮಿನಾ ತಂತ್ರಾಂಶ ತೆರೆದೆ, ಆಫೀಸಿನ ಯಂತ್ರಕ್ಕೆ ಲಾಗಿನ್ ಆದೆ. ಮೆನುವಿನ ಅಕ್ಷರಗಳೆಲ್ಲ ಸಾಸಿವೆ ಕಾಳು! ಮೂಗನ್ನು ಪರದೆಗೆ ತಾಗಿಸಿಕೊಂಡೇ ಅರ್ಧ ದಿನ ಕಳೆದೆ.

ಆ ಮಾನಿಟರಿನಲ್ಲಿ ಇಂಚಿಗೆ ಸುಮಾರು 163 ಪಿಕ್ಸೆಲ್ ಇವೆ. ಆ ಕಡೆಯ ಯಂತ್ರಕ್ಕೆ ಅದನ್ನು ಯಾರೂ ಹೇಳಿಲ್ಲ. ಅದು ಇಂಚಿಗೆ 96 ಎಂಬ ಹಳೇ ಲೆಕ್ಕದಲ್ಲೇ ಬರೆದು ಕಳಿಸುತ್ತದೆ.

ಇದಕ್ಕೆ ಎರಡು ದಾರಿ. ಕಡಿಮೆ ರೆಸಲ್ಯೂಶನ್ನಿನ, ಅಂದರೆ ಕಡಿಮೆ ಪಿಕ್ಸೆಲ್‌ಗಳ ಚಿತ್ರ ತರಿಸಿಕೊಂಡು ಇಲ್ಲೇ ಎಳೆದು ಹಿಗ್ಗಿಸಬಹುದು. ರೆಮ್ಮಿನಾದಂಥದೇ ಇನ್ನೊಂದು ತಂತ್ರಾಂಶ ಫ್ರೀಆರ್‌ಡಿಪಿ; ಅದರ ಸ್ಮಾರ್ಟ್ ಸೈಜಿಂಗ್ ಮಾಡುವುದು ಅದನ್ನೇ. ಇಲ್ಲವೇ, 'ಸ್ವಲ್ಪ ದೊಡ್ಡದಾಗಿ ಬರಿಯಪ್ಪಾ' ಎಂದು ಆ ಯಂತ್ರಕ್ಕೇ ಹೇಳಬಹುದು. ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ. ಇಂಗ್ಲಿಷಿಗೆ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ದ ಅಕ್ಷರದ ಹೊಟ್ಟೆ ಸೀಳಿದರೆ ಧ, ನಡುವೆ ಚುಕ್ಕೆಯೂ ಬಿದ್ದರೆ ಥ. ಮಸುಕಿನಲ್ಲಿ ಮೂರೂ ಒಂದೇ. ಒತ್ತಕ್ಷರದ ಕಥೆ ಕೇಳಲೇಬೇಡಿ.

ಆ ಕಡೆ ವಿಂಡೋಸ್ ಇದ್ದರೆ ಸುಲಭ. ಫ್ರೀಆರ್‌ಡಿಪಿ ಕಮಾಂಡಿನ ಕೊನೆಗೆ 'ಸ್ಲ್ಯಾಶ್ ಸ್ಕೇಲ್ ಹೈಫನ್ ಡೆಸ್ಕ್‌ಟಾಪ್ ಕೋಲನ್ 150' ಎಂದು ಸೇರಿಸಿ. ಇದು ಶೇಕಡಾ ಲೆಕ್ಕ, 100ರಿಂದ 500ರವರೆಗೆ ಹಾಕಬಹುದು. ಬರೀ 'ಸ್ಕೇಲ್' ಎಂಬ ಇನ್ನೊಂದು ಆಯ್ಕೆಯೂ ಇದೆ. ಅದಕ್ಕೆ 100, 140, 180 ಬಿಟ್ಟು ಬೇರೇನೂ ಒಗ್ಗುವುದಿಲ್ಲ. ಅಲ್ಲಿ 150 ಕೊಟ್ಟು ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಆ ಕಡೆಯೂ ಲಿನಕ್ಸೇ ಇದ್ದರೆ? ಲಿನಕ್ಸ್ ಯಂತ್ರಕ್ಕೆ ದೂರದಿಂದ ಬಾಗಿಲು ತೆರೆಯುವ ತಂತ್ರಾಂಶ ಎಕ್ಸ್‌ಆರ್‌ಡಿಪಿ. ಅದರ ಮೂಲಕ ಲಿನಕ್ಸಿನ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಬಳಸುತ್ತೀರಿ ಅಂದುಕೊಳ್ಳಿ. ಸಾಮಾನ್ಯವಾಗಿ ನಾವೇ ಸೆಷನ್ ಒಳಗೆ, ಅಂದರೆ ಅಲ್ಲಿ ಲಾಗಿನ್ ಆಗಿ ತೆರೆದ ಡೆಸ್ಕ್‌ಟಾಪಿಗೆ, ಹೋಗಿ ಹೇಳಬೇಕು. ಅಪಿಯರೆನ್ಸ್ ಸೆಟ್ಟಿಂಗ್‌ನ ಫಾಂಟ್ಸ್ ಪುಟದಲ್ಲಿ ಕಸ್ಟಮ್ ಡಿಪಿಐ (ಆಗಲೇ ಹೇಳಿದ ಇಂಚಿನ ಲೆಕ್ಕ) 96ರಿಂದ 144 ಮಾಡಿದರೆ ಅಕ್ಷರ ಒಂದೂವರೆ ಪಟ್ಟು. 192 ಅಂದರೆ ಎರಡು ಪಟ್ಟು. ಗುಂಡಿ, ಐಕಾನುಗಳೂ ಬೆಳೆಯಬೇಕಾದರೆ ವಿಂಡೋ ಸ್ಕೇಲಿಂಗ್ ಅನ್ನು 2 ಮಾಡಿ. ಆಗ ಡಿಪಿಐಯನ್ನು 96ಕ್ಕೇ ಬಿಡಿ. ಎರಡನ್ನೂ ಏರಿಸಿದರೆ ಅಕ್ಷರಗಳು ಅಂಗಡಿ ಬೋರ್ಡಿನಷ್ಟಾಗುತ್ತವೆ!

ಜಾಸ್ತಿ ಜನ ಎಡವುವುದು ಇಲ್ಲೇ. ನೀವು ಎದ್ದು ಹೋದರೂ ಆ ಸೆಷನ್ ಬದುಕಿರುತ್ತದೆ, ಅಲ್ವಾ? ರಾತ್ರಿ ಮನೆಯ 4ಕೆ ಪರದೆಗೆಂದು 192 ಹಾಕಿದಿರಿ. ಬೆಳಿಗ್ಗೆ ಸಾದಾ 1080ಪಿ ಪರದೆಯಿಂದ ಅದೇ ಸೆಷನ್ನಿಗೆ ಬಂದರೆ, ಒಂದು ಕಿಟಕಿಯೇ ಪರದೆ ತುಂಬಿ ಕೂತಿರುತ್ತದೆ. ನಾನಂತೂ ಪ್ಯಾನೆಲ್ ಮೇಲೆ ಎರಡು ಗುಂಡಿ ಇಟ್ಟುಕೊಂಡಿದ್ದೇನೆ. ಒಂದರ ಹೆಸರು ಮನೆ, ಇನ್ನೊಂದು ಆಫೀಸು. ಒಳಗಿರುವುದು ಎಕ್ಸ್‌ಎಫ್‌ಸಿಇ ಸೆಟ್ಟಿಂಗ್ ಬದಲಿಸುವ ಎಕ್ಸ್‌ಎಫ್‌ಕಾನ್ಫ್-ಕ್ವೆರಿ ಕಮಾಂಡಿನ ಒಂದೊಂದೇ ಸಾಲು, ಡಿಪಿಐ ಬದಲಿಸುವುದಕ್ಕೆ.

ಇಷ್ಟು ಹೊತ್ತು ಬೈದ ಹಿಗ್ಗಿಸುವ ದಾರಿಗೆ ನಾನೇ ಮರಳುವುದೂ ಉಂಟು. 4ಕೆ ಪರದೆಯೆಂದರೆ ಸುಮಾರು 83 ಲಕ್ಷ ಪಿಕ್ಸೆಲ್, 1080ಪಿಯಲ್ಲಿ 21 ಲಕ್ಷ. ಊರಿಗೆ ಹೋದಾಗ ಮೊಬೈಲ್ ಹಾಟ್‌ಸ್ಪಾಟೇ ಗತಿ. ಆಗ 1080ಪಿ ತರಿಸಿ ಅಗಲಕ್ಕೂ ಎತ್ತರಕ್ಕೂ ಸರಿಯಾಗಿ ಎರಡು ಪಟ್ಟು ಹಿಗ್ಗಿಸುತ್ತೇನೆ. ಒಂದೂವರೆ ಪಟ್ಟಿನಷ್ಟು ಕೆಟ್ಟದಾಗಿ ಕಾಣುವುದಿಲ್ಲ.

ಸರಿ, ಲ್ಯಾಪ್‌ಟಾಪ್ ತಂದವರು ಮುಂದೆ ಬನ್ನಿ. ಮಾಡಿಯೇ ನೋಡೋಣ.