ಎಟ್ ಚಿಹ್ನೆಯ ಬಲಗಡೆ ನೋಡಿ

ಕರಾವಳಿಯ ಕೇಳುಗರಿಗೆಲ್ಲ ನಮಸ್ಕಾರ. ಇಮೇಲ್ ವಿಳಾಸದ ಬಗ್ಗೆ ಇವತ್ತು ಒಂದೇ ಮಾತು ನೆನಪಿಡಿ: ಎಟ್ ಚಿಹ್ನೆಯ ಬಲಗಡೆ ಏನಿದೆ ನೋಡಿ.

ಆ ಚಿಹ್ನೆಯನ್ನು ವಿಳಾಸದ ನಡುವೆ ತಂದಿಟ್ಟವರು ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್, 1971ರಲ್ಲಿ. ಎಡಗಡೆ ಮನುಷ್ಯನ ಹೆಸರು, ಬಲಗಡೆ ಅವನ ಕಂಪ್ಯೂಟರಿನ ಹೆಸರು. ಈಗ ಬಲಗಡೆ ಇರುವುದಕ್ಕೆ ಡೊಮೈನ್ ಎನ್ನುತ್ತೇವೆ. ಎಡಗಡೆ ಮ್ಯಾನೇಜರ್ ಅಂತ ಬೇಕಾದರೂ ಬರೆದುಕೊಳ್ಳಬಹುದು. ಡೊಮೈನ್ ಮಾತ್ರ ಅದನ್ನು ನೋಂದಾಯಿಸಿದವರದ್ದು.

ಕಳೆದ ಮಳೆಗಾಲದಲ್ಲಿ ಕಾಪು ಕಡೆಯ ಹುಡುಗನೊಬ್ಬ ತಾಯಿಯನ್ನು ಕರೆದುಕೊಂಡು ನನ್ನ ಹತ್ತಿರ ಬಂದಿದ್ದ. ದುಬೈಯ ದೊಡ್ಡ ಕಂಪನಿಯಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿದೆ ಅಂತ ಮೇಲ್ ಬಂದಿತ್ತು. ಲೆಟರ್‌ಹೆಡ್ ಇತ್ತು, ಸೀಲ್ ಇತ್ತು, ಸಂಬಳದ ಲೆಕ್ಕವೂ ಇತ್ತು. ವೀಸಾ ಖರ್ಚು ಮಾತ್ರ ಮೊದಲೇ ಕಳಿಸಬೇಕು. ತಾಯಿ ಬಳೆ ಅಡವಿಡಲು ಹೊರಟಿದ್ದರು.

ಸೀಲ್ ಬಿಡು ಮಾರಾಯ, ವಿಳಾಸ ತೋರಿಸು ಎಂದೆ. ಮೊಬೈಲಿನಲ್ಲಿ ಕಂಪನಿಯ ಹೆಸರಷ್ಟೇ ಕಾಣುತ್ತಿತ್ತು. ಅದರ ಮೇಲೆ ಒತ್ತಿದಾಗ ಪೂರ್ತಿ ವಿಳಾಸ ಬಂತು. ಎಟ್ ಆದ ಮೇಲೆ ಕಂಪನಿಯ ಹೆಸರು, ಡಾಟ್, ಯಾರೂ ಕೇಳಿರದ ಇನ್ನೊಂದು ಹೆಸರು, ಡಾಟ್ ಕಾಮ್. "ಕಂಪನಿ ಹೆಸರು ಉಂಟಲ್ವಾ ಸರ್?" ಎಂದ ಹುಡುಗ.

ಉಂಟು, ಆದರೆ ಎಲ್ಲಿ? ಅಂಚೆ ವಿಂಗಡಿಸುವವರು ಮೊದಲು ಕೆಳಗಿನ ಪಿನ್ ಕೋಡ್ ನೋಡುತ್ತಾರೆ, ಮನೆ ಹೆಸರು ಆಮೇಲೆ. ಡೊಮೈನನ್ನೂ ಹಾಗೆಯೇ ಕೊನೆಯಿಂದ ಓದಬೇಕು. ಕೊನೆಯಲ್ಲಿ ಡಾಟ್ ಕಾಮ್. ಅದಕ್ಕೆ ತಾಗಿಕೊಂಡು ಆ ಅಪರಿಚಿತ ಹೆಸರು. ಆ ಹೆಸರು ನೋಂದಾಯಿಸಿದವನೇ ಯಜಮಾನ. ತನ್ನ ಡೊಮೈನಿನ ಮುಂದೆ ಅವನು ಯಾವ ಕಂಪನಿಯ ಹೆಸರನ್ನೂ ಅಂಟಿಸಬಹುದು, ಯಾರ ಅಪ್ಪಣೆಯೂ ಬೇಡ.

ಆ ಕಂಪನಿಯ ವೆಬ್‌ಸೈಟನ್ನು ನಾವೇ ಹುಡುಕಿ, ಅಲ್ಲಿದ್ದ ವಿಳಾಸಕ್ಕೆ ಬರೆದೆವು. ಅಂಥ ಕೆಲಸವೇ ಖಾಲಿ ಇಲ್ಲ ಅಂತ ಉತ್ತರ ಬಂತು. ಬಳೆ ಉಳಿಯಿತು.

ಇಷ್ಟಾದರೂ "ಲೋಗೋ ಸರಿಯಾಗಿಯೇ ಇತ್ತು" ಎನ್ನುವವರಿದ್ದಾರೆ. ಲೋಗೋ ಯಾರು ಬೇಕಾದರೂ ಕಾಪಿ ಮಾಡುತ್ತಾರೆ. ದಯವಿಟ್ಟು ಬಲಗಡೆ ನೋಡಿ! ಗವ್ ಡಾಟ್ ಇನ್ ಸಿಗುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಗವ್ ಹೈಫನ್ ಇನ್ ಡಾಟ್ ಕಾಮ್ ಅಂತ ಇದ್ದರೆ ಅದು ಸರ್ಕಾರ ಅಲ್ಲವೇ ಅಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ವಿಳಾಸ ಬರೆಯುವಾಗ ನಡುವೆ ಜಾಗ ಬಿಡಬೇಡಿ. ಮದುವೆ ಕಾಗದ ತುಂಬಾ ಜನಕ್ಕೆ ಒಟ್ಟಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿ ಜಾಗದಲ್ಲಿ ಹಾಕಿ, ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ವಿದೇಶದ ಕೆಲಸವಾದರೆ ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿದೆಯಾ ನೋಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಳೆ ಅನ್ನಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮಸ್ಕಾರ.