ಎರಡು ಸೆಕೆಂಡು ತಡ ಮಾಡಿದ ಪೈಲಟ್ ಚೂಟ್

ಹಾಂ, ಓಡುತ್ತಿದೆ, ಕೆಂಪು ದೀಪ ಬಂತು. ನಮಸ್ಕಾರ ಎಲ್ಲರಿಗೂ. ಇವತ್ತು ಸದ್ಯಕ್ಕೆ ಸ್ಕೈಡೈವಿಂಗ್ ಇಲ್ಲ, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ನಮ್ಮ ಆಟ. ಮೋಡ ಕೆಳಗೆ ಇಳಿದು ಕೂತಿದೆ, ವಿಮಾನ ಹೊರಗೆ ಸುಮ್ನೆ ನಿಂತಿದೆ, ನಾವೆಲ್ಲ ಪ್ಯಾಕಿಂಗ್ ಚಾಪೆ ಮೇಲೆ ಬಿದ್ದುಕೊಂಡಿದ್ದೇವೆ. ಹಾಗಾಗಿ ಬಹಳ ದಿನದಿಂದ ಹೇಳಬೇಕು ಅಂದುಕೊಂಡಿದ್ದ ಕಥೆ ಹೇಳಿಬಿಡುತ್ತೇನೆ. ನನ್ನ ಕಂಟೇನರ್ ಮೇಲೆ ನಾನು ಮೂರು ವಾರ ಹಾಕಿದ ಸುಳ್ಳು ಆರೋಪದ ಕಥೆ.

ಹೊಸಬರಿಗೆ ಒಂದೇ ನಿಮಿಷದಲ್ಲಿ ಹೇಳುತ್ತೇನೆ. ಇದು ಕಂಟೇನರ್, ಬೆನ್ನಿಗೆ ಹಾಕುವ ಚೀಲ. ಮೇಲಿನ ಅರ್ಧದಲ್ಲಿ ರಿಸರ್ವ್, ಅಂದರೆ ಆಪತ್ತಿಗೆ ಇಟ್ಟ ಪ್ಯಾರಾಚೂಟ್; ಕೆಳಗಿನ ಅರ್ಧದಲ್ಲಿ ಮೇನ್, ಅಂದರೆ ಪ್ರತಿ ಸಲ ಬಳಸುವ ಮುಖ್ಯ ಪ್ಯಾರಾಚೂಟ್. ತಳದಲ್ಲಿ ಹಿಗ್ಗುವ ಬಟ್ಟೆಯ ಒಂದು ಜೇಬು ಇದೆ ನೋಡಿ, ಅದರೊಳಗೆ ಈ ಪುಟ್ಟ ಛತ್ರಿ. ಇದೇ ಪೈಲಟ್ ಚೂಟ್. ಇದನ್ನು ಕೈಯಿಂದ ಎಳೆದು ಗಾಳಿಗೆ ಎಸೆಯುತ್ತೇವೆ. ಅದು ಗಾಳಿ ಹಿಡಿಯುತ್ತದೆ, ಬ್ರೈಡಲ್ ಅನ್ನುವ ಈ ಪಟ್ಟಿ ಬಿಗಿಯಾಗುತ್ತದೆ, ಪಟ್ಟಿಯಲ್ಲಿರುವ ಬಾಗಿದ ಪಿನ್ ಕಳಚುತ್ತದೆ, ಮೇನ್ ಇರುವ ಬ್ಯಾಗ್ ಎದ್ದು ಹೋಗುತ್ತದೆ. ಅಷ್ಟೇ. ಇಡೀ ಜೀವ ಈ ಅಂಗೈಯಗಲದ ಮುದ್ದೆಯಿಂದ ಶುರುವಾಗುತ್ತದೆ. ಆದರೆ ಜನ ಮೇನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾನೂ ಮಾತಾಡುತ್ತಿರಲಿಲ್ಲ.

ಈ ಎಸೆಯುವ ಪದ್ಧತಿ ಬಂದದ್ದು 1970ರ ದಶಕದಲ್ಲಿ, ಬಿಲ್ ಬೂತ್ ಅವರ ತಲೆಯಿಂದ. ಮೇನ್ ಕಳಚಿ ಬಿಸಾಡುವ ಮೂರು ಉಂಗುರದ ಬೀಗವೂ ಅವರದೇ. ಅದಕ್ಕೂ ಮೊದಲು ಸ್ಪ್ರಿಂಗ್ ಇರುವ ಪೈಲಟ್ ಚೂಟ್ ಬೆನ್ನಿನಿಂದಲೇ ಚಿಮ್ಮುತ್ತಿತ್ತು. ತೊಂದರೆ ಏನಂದರೆ, ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಬೆನ್ನ ಮೇಲೆ ಗಾಳಿ ಸುಳಿಯುವ ಒಂದು ಜಾಗ ಇರುತ್ತದೆ. ಬರ್ಬಲ್ ಅನ್ನುತ್ತೇವೆ. ಅಲ್ಲಿ ಸಿಕ್ಕಿದ ಪೈಲಟ್ ಚೂಟ್ ಬೆನ್ನ ಮೇಲೇ ಕುಣಿಯುತ್ತಾ ಇರುತ್ತದೆ, ಎಲ್ಲೂ ಹೋಗುವುದಿಲ್ಲ. ಕೈಯಿಂದ ಪಕ್ಕಕ್ಕೆ ಎಸೆದರೆ ನೇರ ಓಡುವ ಗಾಳಿಗೇ ಬೀಳುತ್ತದೆ. ರಿಸರ್ವ್‌ನಲ್ಲಿ ಮಾತ್ರ ಇವತ್ತಿಗೂ ಸ್ಪ್ರಿಂಗ್ ಇರುವುದೇ. ಅದರ ತಂಟೆಗೆ ಹೋಗಬೇಡಿ, ಅದು ರಿಗ್ಗರ್ ಕೆಲಸ, ಅಂದರೆ ಪ್ಯಾರಾಚೂಟ್ ರಿಪೇರಿ, ಪ್ಯಾಕಿಂಗ್ ಬಲ್ಲ ತಂತ್ರಜ್ಞರದ್ದು.

ಸರಿ, ಕಥೆಗೆ ಬರೋಣ. ಈ ಕ್ಲಿಪ್ ನೋಡಿ. ಎತ್ತರ 3,500 ಅಡಿ. ಎಸೆದೆ. ಈಗ ಎಣಿಸಿ. ಒಂದು... ಎರಡು... ಏನೂ ಇಲ್ಲ. ನಾನು ಭುಜದ ಮೇಲಿಂದ ಹಿಂದೆ ನೋಡುತ್ತಿದ್ದೇನೆ, ಮುಖ ನೋಡಿ, ಪರೀಕ್ಷೆ ಹಾಲ್‌ಗೆ ಹಾಲ್ ಟಿಕೆಟ್ ಮರೆತು ಬಂದವನ ಹಾಗಿದೆ. ಆಮೇಲೆ ತೆರೆಯಿತು. ಎರಡು ಸೆಕೆಂಡು ಅಂದರೆ ನಿಮಗೆ ಏನೂ ಅನಿಸದೇ ಇರಬಹುದು. ಹೊಟ್ಟೆ ಕೆಳಗೆ ಮಾಡಿ ಬೀಳುವವರು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಇರುತ್ತಾರೆ. ಸಾವಿರ ಅಡಿ ಕಳೆಯಲು ಐದೂವರೆ ಸೆಕೆಂಡು ಸಾಕು. ಲೆಕ್ಕ ಹಾಕಿ, ಆ ಎರಡು ಸೆಕೆಂಡಿನಲ್ಲಿ ಸುಮಾರು 350 ಅಡಿ ಹೋಯಿತು, ನಾನು ಬರೀ ಹಿಂದೆ ನೋಡುತ್ತಾ ಇದ್ದೆ.

ಮೊದಲ ಸಲ ನಕ್ಕು ಸುಮ್ಮನಾದೆ. ಬರ್ಬಲ್‌ನಲ್ಲಿ ಸಿಕ್ಕಿರಬೇಕು, ಸರಿಯಾಗಿ ಎಸೆದಿಲ್ಲ ಅಂದುಕೊಂಡೆ. ಎರಡನೇ ಸಲ ನಗು ಬರಲಿಲ್ಲ. ಮೂರನೇ ಸಲ ಆದ ಮೇಲೆ ನೆಲಕ್ಕೆ ಬಂದು ಯಾರ ಹತ್ತಿರವೂ ಮಾತಾಡದೆ ಈ ಮೂಲೆಯಲ್ಲಿ ಕೂತೆ. ಆಗ ತೀರ್ಮಾನ ಮಾಡಿದೆ, ತಪ್ಪು ಈ ಕಂಟೇನರ್‌ದೇ.

ಕಾರಣ ಇತ್ತು. ಇದು ಬಳಸಿದ ಕಂಟೇನರ್. ಇದಕ್ಕೆ ಹೊಂದುವ ಮೇನ್‌ಗಿಂತ ನನ್ನ ಮೇನ್ ಒಂದು ಸೈಜ್ ದೊಡ್ಡದು. ಮುಚ್ಚುವಾಗ ಮಂಡಿ ಊರಿ, ಹಲ್ಲು ಕಚ್ಚಿ, ಪಕ್ಕದವರನ್ನೂ ಕರೆದು ಒತ್ತಿಸಬೇಕು. ಇಷ್ಟು ಬಿಗಿ ಇದ್ದರೆ ಪಿನ್ ಕಳಚಿದರೂ ಬ್ಯಾಗ್ ಒಳಗೇ ಕೂರುತ್ತದೆ ಅಲ್ವಾ? ನನ್ನ ವಾದ ಅದು. ಹಾಗಾಗಿ ಕ್ಲೋಸಿಂಗ್ ಲೂಪ್ ಉದ್ದ ಮಾಡಿದೆ.

ಇಲ್ಲಿ ಒಂದು ನಿಮಿಷ ನಿಲ್ಲಿಸುತ್ತೇನೆ, ಏಕೆಂದರೆ ಇದು ನಾನು ಮಾಡಿದ ಶುದ್ಧ ದಡ್ಡತನ. ಲೂಪ್ ಅಂದರೆ ನಾಲ್ಕು ಫ್ಲಾಪ್ ಸೇರಿಸಿ ಪಿನ್ ಹಾಕುವ ಈ ಬಿಳಿ ದಾರ. ಇದು ಉದ್ದವಾದರೆ ಮುಚ್ಚುವುದು ಸುಲಭ, ನಿಜ. ಜೊತೆಗೆ ಪಿನ್ ಕೂಡ ಸಡಿಲ. ವಿಮಾನದ ಬಾಗಿಲಿನಲ್ಲಿ ಯಾರದ್ದೋ ಮೊಣಕೈ ತಾಗಿತು, ಪಿನ್ ಜಾರಿತು, ಬ್ಯಾಗ್ ಹೊರಗೆ ಬಿತ್ತು ಅಂದುಕೊಳ್ಳಿ. ಪ್ಯಾರಾಚೂಟ್ ವಿಮಾನದ ಬಾಲಕ್ಕೆ ಸಿಕ್ಕಿದರೆ ಆ ಒಬ್ಬರ ಜೊತೆ ಒಳಗೆ ಕೂತವರೆಲ್ಲರ ಪ್ರಾಣವೂ ಅಪಾಯದಲ್ಲಿ. ತಲೆ ಕೆಳಗೆ ಮಾಡಿ ಹಾರುವವರಿಗೆ ಇನ್ನೂ ಕಷ್ಟ. ಗಂಟೆಗೆ 250 ಕಿಲೋಮೀಟರ್ ದಾಟಿದ ವೇಗದಲ್ಲಿ ತಾನಾಗಿ ತೆರೆದುಕೊಂಡರೆ ಮೈ ಮುರಿಯುತ್ತದೆ, ಮಾತಿಗೆ ಹೇಳುವುದಲ್ಲ, ನಿಜವಾಗಿ. ನಾನು ಎರಡು ಸೆಕೆಂಡು ಉಳಿಸಲು ಹೋಗಿ ಈ ಅಪಾಯ ತಂದುಕೊಂಡೆ. ಅದೃಷ್ಟಕ್ಕೆ ನಮ್ಮ ರಿಗ್ಗರ್ ನೋಡಿದರು. ಲೂಪ್ ಕೈಯಲ್ಲಿ ಹಿಡಿದು, "ಇದು ಶೂ ಲೇಸಾ?" ಅಂದರು. ಮತ್ತೆ ಚಿಕ್ಕದು ಹಾಕಿಸಿದೆ.

ಅಯ್ಯೋ, ಟ್ರೈಪಾಡ್ ವಾಲಿತು. ತಡೀರಿ. ಹಾಂ.

ಆ ಜೇಬಿನ ಬಗ್ಗೆಯೂ ಹೇಳಬೇಕು. ಸ್ಪ್ಯಾಂಡೆಕ್ಸ್ ಬಟ್ಟೆ, ಹಿಗ್ಗಿ ಹಿಗ್ಗಿ ಹಳೇ ಕಾಲುಚೀಲದ ಬಾಯಿ ಥರ ಆಗುತ್ತದೆ. ಸಡಿಲವಾದ ಜೇಬಿನಿಂದ ಪೈಲಟ್ ಚೂಟ್ ತಾನಾಗಿ ಇಣುಕುತ್ತದೆ, ಗಾಳಿ ಒಂದು ಮಡಿಕೆ ಹಿಡಿದರೆ ಮುಗಿಯಿತು. ನನ್ನದು ಹಾಗೇ ಆಗಿತ್ತು, ಬದಲಿಸಿದರು. ಸಣ್ಣ ಕೆಲಸ. ಇದಕ್ಕೆ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆರು ತಿಂಗಳು ನಾನೇ ಮಾಡಿದ್ದೆ, ಆ ಮಾತು ಬೇರೆ.

ಈಗ ನನ್ನ ಎರಡನೇ ಆರೋಪಿ, ಪೈಲಟ್ ಚೂಟ್ ಸೈಜ್. ಇದು ಚಿಕ್ಕದು, ದೊಡ್ಡದು ತಗೋಬೇಕು ಅಂತ ಪಟ್ಟು ಹಿಡಿದೆ. ಮೇನ್‌ಗಳಿಗೆ ಸಾಮಾನ್ಯವಾಗಿ 24ರಿಂದ 36 ಇಂಚು ಅಗಲದವು ಬಳಕೆಯಲ್ಲಿವೆ. ನಾಲ್ಕು ಇಂಚು ಹೆಚ್ಚಾದರೆ ಏನಾಗುತ್ತದೆ ಬಿಡಿ ಅನಿಸುತ್ತದೆ. ಆದರೆ ಗಾಳಿ ಹಿಡಿಯುವುದು ಅಗಲ ಅಲ್ಲ, ವಿಸ್ತೀರ್ಣ. 24 ಇಂಚಿನದಕ್ಕಿಂತ 28 ಇಂಚಿನದರ ವಿಸ್ತೀರ್ಣ 36 ಶೇಕಡಾ ಜಾಸ್ತಿ. ಗಾಳಿಯ ವೇಗದ್ದೂ ಇದೇ ಥರದ ಲೆಕ್ಕ, ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು. ವಿಮಾನದಿಂದ ಜಿಗಿದ ತಕ್ಷಣ ಎಸೆದರೆ ವೇಗ ಇನ್ನೂ ಪೂರ್ತಿ ಏರಿರುವುದಿಲ್ಲ, ಎಳೆತ ಕಡಿಮೆ. ಅದಕ್ಕೇ ಬೆಟ್ಟ, ಕಟ್ಟಡಗಳಿಂದ ಹಾರುವ ಬೇಸ್ ಜಿಗಿತದವರು 42, 46 ಇಂಚಿನ ದೈತ್ಯಗಳನ್ನು ಹಿಡಿದು ನಿಲ್ಲುವುದು. ಅವರಿಗೆ ವೇಗ ಬರುವಷ್ಟು ಸಮಯವೇ ಇಲ್ಲ.

ಹಾಗಾದರೆ ಎಲ್ಲರೂ ದೊಡ್ಡದೇ ತಗೊಳ್ಳಬಹುದಲ್ಲ? ನಾನೂ ಹಾಗೇ ಕೇಳಿದೆ. ಆಗುವುದಿಲ್ಲ. ಪೂರ್ತಿ ವೇಗದಲ್ಲಿ ಬೀಳುವಾಗ ದೊಡ್ಡ ಪೈಲಟ್ ಚೂಟ್ ಬ್ಯಾಗನ್ನು ಕಿತ್ತುಕೊಂಡು ಓಡುತ್ತದೆ. ಲೈನ್‌ಗಳು, ಅಂದರೆ ಮೇನ್‌ನ ಹಗ್ಗಗಳು, ರಬ್ಬರ್ ಬ್ಯಾಂಡ್‌ನಿಂದ ಒಂದೊಂದಾಗಿ ಬಿಚ್ಚುವ ಬದಲು ರಾಶಿಯಾಗಿ ಬೀಳುತ್ತವೆ, ಮೇನ್ ಫಟ್ ಅಂತ ತೆರೆಯುತ್ತದೆ, ಕುತ್ತಿಗೆಗೆ ಬೀಳುತ್ತದೆ ಏಟು. ಇನ್ನು ಹೊಲಿಗೆ ಒಂದು ಕಡೆ ವಾಲಿದ್ದರೆ ಪೈಲಟ್ ಚೂಟ್ ಗಿರಗಿರ ತಿರುಗಿ ಬ್ಯಾಗನ್ನೂ ತಿರುಗಿಸುತ್ತದೆ, ಲೈನ್ ಹುರಿಗಟ್ಟುತ್ತದೆ.

ಇಷ್ಟೆಲ್ಲ ಕೇಳಿಯೂ ನಾನು 32 ಇಂಚಿನದೇ ಬೇಕು ಅಂದೆ. ಆಗ ರಿಗ್ಗರ್ ಹೇಳಿದ ಮಾತು, "ಮೊದಲು ಇರುವುದನ್ನು ಕಾಕ್ ಮಾಡಿ ತೋರಿಸಿ."

ಕಾಕ್ ಮಾಡುವುದು ಅಂದರೆ, ಹತ್ತಿರ ಬನ್ನಿ, ಕ್ಯಾಮೆರಾ ಕೈಯಲ್ಲಿ ಹಿಡಿಯುತ್ತೇನೆ. ಬ್ರೈಡಲ್ ಒಳಗೆ ಒಂದು ದಾರ ಓಡುತ್ತದೆ, ಕಿಲ್ ಲೈನ್. ಮೇನ್ ತೆರೆದ ಮೇಲೆ ಪೈಲಟ್ ಚೂಟ್‌ಗೆ ಕೆಲಸ ಇಲ್ಲ, ಗಾಳಿ ತುಂಬಿಕೊಂಡು ಹಿಂದೆ ಎಳೆಯುತ್ತಾ ಇದ್ದರೆ ತೊಂದರೆ. ಹಾಗಾಗಿ ಈ ದಾರ ಅದರ ನೆತ್ತಿಯನ್ನು ಕೆಳಗೆ ಜಗ್ಗಿ ಮುದುಡಿಸುತ್ತದೆ. ಮತ್ತೆ ಪ್ಯಾಕ್ ಮಾಡುವಾಗ ದಾರವನ್ನು ವಾಪಸ್ ಎಳೆದು ನೆತ್ತಿ ಬಿಡಿಸಬೇಕು. ಮರೆತರೆ ನೀವು ಎಸೆಯುವುದು ಒದ್ದೆ ಕರ್ಚೀಫು. ಮರೆಯದಿರಲಿ ಅಂತಲೇ ಬ್ರೈಡಲ್‌ನಲ್ಲಿ ಒಂದು ಪುಟ್ಟ ಕಿಂಡಿ ಇದೆ, ಕಾಕ್ ಆಗಿದ್ದರೆ ಅಲ್ಲಿ ಬಣ್ಣ ಕಾಣುತ್ತದೆ. ನನಗೆ ಪ್ರತಿ ಸಲವೂ ಬಣ್ಣ ಕಂಡಿತ್ತು! ಅದೇ ಹೊಟ್ಟೆ ಉರಿಯುವ ವಿಷಯ.

ರಿಗ್ಗರ್ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ. ಎಳೆದೆವು. ಬ್ರೈಡಲ್ ಬಿಗಿಯಾಗಬೇಕಿತ್ತು. ಆಗಲಿಲ್ಲ. ಒಳಗಿನ ದಾರ ಮೊದಲೇ ಬಿಗಿಯಾಗಿ ನಿಂತಿತು, ಪಟ್ಟಿ ಮಾತ್ರ ಸುಕ್ಕುಗಟ್ಟಿ ಕೂತಿತು. ಪೈಲಟ್ ಚೂಟ್‌ನ ನೆತ್ತಿ ಒಳಗೆ ಕುಸಿದು, ಛತ್ರಿ ಹೋಗಿ ಉದ್ದಿನ ವಡೆ ಆಗಿತ್ತು. ದಾರ ನಾಲ್ಕು ಬೆರಳಿನಷ್ಟು ಕುಗ್ಗಿತ್ತು.

ಹೇಗೆ ಕುಗ್ಗಿತು? ದಾರ ಸ್ಪೆಕ್ಟ್ರಾ ಅನ್ನುವ ಕೃತಕ ನಾರಿನದ್ದು. ಬಲಕ್ಕೆ ಅದನ್ನು ಮೀರಿಸುವುದು ಕಷ್ಟ, ಆದರೆ ಬಿಸಿ ತಾಗಿದರೆ ಕುಗ್ಗುತ್ತದೆ. ಪ್ರತಿ ಜಿಗಿತದಲ್ಲೂ ಬ್ರೈಡಲ್ ಒಳಗೆ ಸರ್ ಅಂತ ಉಜ್ಜಿಕೊಂಡು ಓಡುತ್ತದೆ, ಉಜ್ಜಿದಾಗ ಬಿಸಿ, ಬಿಸಿಗೆ ಕೂದಲೆಳೆಯಷ್ಟು ಕುಗ್ಗುವಿಕೆ. ನೂರಾರು ಜಿಗಿತದಲ್ಲಿ ಅದು ಬೆರಳುಗಳ ಲೆಕ್ಕಕ್ಕೆ ಬರುತ್ತದೆ. ಒಂದೇ ದಿನ ಕೆಟ್ಟಿದ್ದರೆ ಗೊತ್ತಾಗುತ್ತಿತ್ತು. ದಿನಾ ಚೂರು ಚೂರು ಕೆಟ್ಟಿತು, ನಾನು ದಿನಾ ಬೇರೆ ಬೇರೆಯವರನ್ನು ಬೈದೆ. ಪ್ಯಾಕ್ ಮಾಡಿಕೊಟ್ಟವನನ್ನೂ ಬೈದಿದ್ದೆ. ಅವನಿಗೆ ಕ್ಷಮೆ ಕೇಳಿದೆ, "ನಿಮ್ಮ ಗಂಟುಮೂಟೆ ಇನ್ನು ನೀವೇ ಕಟ್ಟಿಕೊಳ್ಳಿ" ಅಂದ. ನ್ಯಾಯವೇ.

ಈ ಮೂರು ವಾರದಲ್ಲಿ ನಾನು ಯೋಚಿಸದೇ ಇದ್ದ ಇನ್ನೊಂದು ಮಾತು. ಎರಡು ಸೆಕೆಂಡು ಆದ ಮೇಲೂ ತೆರೆಯದಿದ್ದರೆ? ಪೈಲಟ್ ಚೂಟ್ ಹಿಂದೆ ತೇಲುತ್ತಿದೆ, ಪಿನ್ ಕಳಚಿಲ್ಲ. ಇದಕ್ಕೆ ಎರಡು ಪಂಥ. ನೇರ ರಿಸರ್ವ್ ಎಳೆಯಿರಿ ಅನ್ನುವವರು ಒಂದು ಕಡೆ, ಸಮಯ ಉಳಿಯುತ್ತದೆ, ಆದರೆ ಮೇನ್ ಆಮೇಲೆ ಎದ್ದು ಬಂದರೆ ಎರಡೂ ತಲೆ ಮೇಲೆ. ಮೊದಲು ಮೇನ್ ಕಳಚಿ ಆಮೇಲೆ ರಿಸರ್ವ್ ಅನ್ನುವವರು ಇನ್ನೊಂದು ಕಡೆ, ಸಮಯ ಹೋಗುತ್ತದೆ, ಕಳಚಿದ ಮೇನ್ ರಿಸರ್ವ್‌ಗೆ ಸುತ್ತಿಕೊಳ್ಳುವ ಭಯವೂ ಇದೆ. ನಾನು ಮೊದಲು ಎರಡನೇ ಪಂಥ, ಈಗ ಮೊದಲನೆಯದು. ನಿಮ್ಮದು ಯಾವುದು ಅಂತ ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಕೂತು ನೆಲದ ಮೇಲೇ ತೀರ್ಮಾನ ಮಾಡಿ. ಗಾಳಿಯಲ್ಲಿ ಚರ್ಚೆಗೆ ಟೈಮ್ ಇಲ್ಲ.

ಸರಿ ಸರಿ, ಮೋಡ ಸರಿದು ಹೊರಗೆ ಬೆಳಕಾಗುತ್ತಿದೆ, ಬೇಗ ಮುಗಿಸುತ್ತೇನೆ. ಕೊನೆಗೆ ಯಾವುದು ತಗೊಂಡೆ?

ದಾರ ಬದಲಿಸಿದರೆ ಹಳೆಯದೇ ಸಾಕಿತ್ತು. ಆದರೆ ಜಾಲರಿ ಒಂದು ಕಡೆ ಹರಿದಿತ್ತು, ಬಟ್ಟೆಯೂ ಸೋತಿತ್ತು. ಅದು ಎಫ್-111 ಅನ್ನುವ ನೈಲಾನ್ ಬಟ್ಟೆಯದು, 30 ಇಂಚು. ಆ ಬಟ್ಟೆ ಗಾಳಿಯನ್ನು ಸ್ವಲ್ಪ ಒಳಗೆ ಬಿಡುತ್ತದೆ, ಹಳೆಯದಾದಷ್ಟೂ ಜಾಸ್ತಿ ಬಿಡುತ್ತದೆ. ಹೊಸದು ಜೀರೋ ಪೊರೋಸಿಟಿ, ಗಾಳಿ ನುಸುಳುವುದಿಲ್ಲ, ಅದೇ ಅಳತೆಗೆ ಹೆಚ್ಚು ಎಳೆಯುತ್ತದೆ. ಹಾಗಾಗಿ 32 ಬೇಕು ಅಂತ ಹಟ ಹಿಡಿದವನು ತಗೊಂಡದ್ದು 28! ನನ್ನದು 170 ಚದರ ಅಡಿ ಮೇನ್, ಅದಕ್ಕೆ ಸರಿ ಹೋಗುತ್ತದೆ. ಹೊಸ ಬಟ್ಟೆ ಮೀನಿನ ಥರ ಜಾರುತ್ತದೆ, ಮಡಿಸುವಾಗ ಕೋಪ ಬರುತ್ತದೆ, ಅಷ್ಟೇ ದೂರು.

ಕಿಲ್ ಲೈನ್ ಬೇಡವೇ ಬೇಡ, ಮುದುಡದೇ ಇರುವ ಹಳೇ ಥರದ್ದೇ ಹಾಕೋಣ ಅಂತಲೂ ಒಂದು ದಿನ ಅನಿಸಿತು. ದೊಡ್ಡ ನಿಧಾನದ ಮೇನ್ ಇರುವವರಿಗೆ ಅದು ಕೆಟ್ಟ ಆಯ್ಕೆ ಅಲ್ಲ, ಮರೆಯಲು ಏನೂ ಇಲ್ಲ. ಮರುದಿನ ಮನಸ್ಸು ಬದಲಾಯಿತು, ಇಳಿಯುವಾಗ ಹಿಂದೆ ಏನೋ ಜಗ್ಗುತ್ತಿದ್ದರೆ ನನಗೆ ಕಿರಿಕಿರಿ. ರಬ್ಬರ್ ಪಟ್ಟಿಯಿಂದ ಮುದುಡುವುದೂ ಇದೆ, ಅದು ಬೇಡ, ವೇಗ ಇಲ್ಲದಿದ್ದರೆ ಅರಳುವುದೇ ಇಲ್ಲ.

ಹಿಡಿಕೆ? ಮೊದಲು ಚೆಂಡಿನ ಥರದ್ದು ಇತ್ತು, ಕೈಗೆ ಚೆನ್ನಾಗಿ ಸಿಗುತ್ತದೆ, ವಿಮಾನದ ಸೀಟಿಗೂ ಚೆನ್ನಾಗಿ ಸಿಗುತ್ತದೆ. ಈಗ ಚಪ್ಪಟೆ ಹಾಕಿಸಿದ್ದೇನೆ. ಗ್ಲೌಸ್ ಹಾಕಿ ಹುಡುಕಲು ಸ್ವಲ್ಪ ಕಷ್ಟ. ನೆಲದಲ್ಲಿ ಕಣ್ಣು ಮುಚ್ಚಿ ಐವತ್ತು ಸಲ ಹುಡುಕಿದೆ, ನೋಡಿದವರು ಇವನಿಗೆ ಸೊಂಟ ನೋವು ಅಂದುಕೊಂಡರು.

ಕರೆದರು! ಮೊದಲ ವಿಮಾನಕ್ಕೆ ನನ್ನ ಹೆಸರಿದೆ. ಪಿನ್ ನೋಡಿದೆ, ಕಿಂಡಿಯಲ್ಲಿ ಬಣ್ಣ ನೋಡಿದೆ, ಈಗ ನೆತ್ತಿಯನ್ನೂ ನೋಡುತ್ತೇನೆ. ಹೊರಟೆ.

ಇದು ಹೆಲ್ಮೆಟ್ ಕ್ಯಾಮೆರಾ. ಗಾಳಿ ಸದ್ದಿಗೆ ಕ್ಷಮಿಸಿ, ಧ್ವನಿ ಆಮೇಲೆ ಸೇರಿಸಿದ್ದೇನೆ. 3,500 ಅಡಿ. ಕೈ ಹಿಂದೆ ಹೋಯಿತು, ಒಂದು ಸಲ ತಡವಿದೆ, ಸಿಕ್ಕಿತು, ಎಸೆದೆ. ಒಂದು ಅನ್ನುವಷ್ಟರಲ್ಲಿ ಬೆನ್ನಿನಿಂದ ಬ್ಯಾಗ್ ಎದ್ದಿತು ನೋಡಿ. ನಾನು ಆಗಲೇ ಹಿಂದೆ ನೋಡಲು ತಲೆ ತಿರುಗಿಸಿದ್ದೆ, ಅಭ್ಯಾಸ ಆಗಿಬಿಟ್ಟಿದೆ. ರೈಸರ್, ಅಂದರೆ ಭುಜದಿಂದ ಲೈನ್‌ಗಳಿಗೆ ಹೋಗುವ ಪಟ್ಟಿ, ಬಂದು ಹೆಲ್ಮೆಟ್‌ಗೆ ಬಡಿಯಿತು, ಕ್ಯಾಮೆರಾ ಓರೆಯಾಯಿತು. ಹಾಗಾಗಿ ಇಳಿದದ್ದು ನಿಮಗೆ ಕಾಣುವುದಿಲ್ಲ, ಬರೀ ನನ್ನ ಎಡ ಭುಜ ಕಾಣುತ್ತದೆ.